ಮೂವತ್ತೆಂಟನೇ ನಂಬರಿನ ಹೊಂಗೆಮರ

ನೋಡಿ, ನಾನು ಎಂಟ್ರಿ ಕೊಟ್ಟರೆ ನಮ್ಮ ಏರಿಯಾದ ಮರಗಳೇ ನಡುಗುತ್ತವೆ. ಹುಟ್ಟಿದ ದಿನ ಹೊಕ್ಕುಳಬಳ್ಳಿ ಹೂತು ನೆಟ್ಟ ಮರ ಎಲ್ಲರಿಗೂ ಇದೆಯಲ್ಲ, ಅದರ ತೊಗಟೆ ಕೆರೆದು ಎಂತೆಂಥ ದೊಡ್ಡವರಿಗೂ ಕಚಗುಳಿ ಇಟ್ಟವನು ನಾನು!

ಕಟಿಂಗ್ ಶಾಪಿನ ತಿಪ್ಪೇಶಣ್ಣನಿಗೆ ಮಾತ್ರ ಸ್ಪೆಷಲ್ ಶೋ. ರಸ್ತೆ ಅಗಲ ಮಾಡಲು, ಸತ್ತವರ ಮರಗಳನ್ನು ಮಾತ್ರ ಕಡಿಯಲೆಂದು ಅವುಗಳಿಗೆ ಕೆಂಪು ನಂಬರ್ ಹಾಕಿದ್ದರು. ಅವನ ಹೊಂಗೆಮರಕ್ಕೂ ನಾನೇ ಮೂವತ್ತೆಂಟು ಅಂತ ಬರೆದು, ಅಂಗಡಿಗೆ ಬಂದು ಅವನಿಗೇ ಹೇಳಿದೆ.

"ಹೋಗಿ ಅಳಿಸೋ ಗಿರ್ಯಾ," ಎಂದು ನಗುತ್ತಲೇ ನನ್ನ ಗಡ್ಡಕ್ಕೆ ನೊರೆ ಹಚ್ಚಿದ.

"ಶೇವಿಂಗ್ ಮುಗೀಲಿ ಅಣ್ಣ. ಹೀರೋ ಅರ್ಧ ಗಡ್ಡದಲ್ಲಿ ಹೊರಗೆ ಹೋಗಲ್ಲ."

ಅಷ್ಟರಲ್ಲಿ ಗರಗಸದ ಸದ್ದು. ತಿಪ್ಪೇಶಣ್ಣ ಸೊಂಟ ಹಿಡಿದುಕೊಂಡು ಓಡಿದ. ನಾನೂ ಹಿಂದೆ ಓಡಿದೆ.

"ನಿಲ್ಸ್ರೀ ಸ್ವಾಮಿ! ನಾನಿನ್ನೂ ಬದುಕಿದೀನಿ!"

"ನಂಬರ್ ಐತಲ್ಲಪ್ಪ. ಮರ ಉಳಿಸ್ಕೊಳ್ಳೋಕೆ ಎಲ್ರೂ ಹಿಂಗೇ ಅಂತಾರೆ," ಎಂದ ಮೇಸ್ತ್ರಿ.

"ಗಿರ್ಯಾ, ನಿನ್ ತರ್ಲೆ ಅಂತ ಹೇಳೋ! ಬೈಯಲ್ಲ ಕಣೋ!"

ಮರ ಬಿತ್ತು. ತಿಪ್ಪೇಶಣ್ಣನ ಉಸಿರೂ ನಿಂತಿತು.

'ನಿಲ್ಸ್ರೋ ಮಿಷನ್ನು' ಎಂದು ನಾನು ಅಬ್ಬರಿಸಿದೆ, ಅವರಿಗೆ ಕೇಳಿಸಲಿಲ್ಲ ಅಂತ ಊರಿಗೆಲ್ಲ ಹೇಳಿದ್ದೇನೆ.

ಸುಳ್ಳು. ಮೇಸ್ತ್ರಿ ಮಿಷನ್ ನಿಲ್ಲಿಸಿ, ಇದು ಇವನ ಮರಾನಾ ಅಂತ ನನ್ನನ್ನೇ ಕೇಳಿದ್ದ. ಕೇಸಾಗುತ್ತದೆ ಅಂತ ಹೆದರಿ, "ಯಾರ ಮರಾನೋ ನಂಗೊತ್ತಿಲ್ಲ ಸಾರ್," ಅಂದುಬಿಟ್ಟೆ.