ಹೊಗೆಗೆ ಹರವಿದ ಕೂದಲು

ಲೋಬಾನದ ವಾಸನೆ ಬಂದರೆ ಈಗಲೂ ನನ್ನ ಕೈ ತಲೆ ತಡವಿ ನೋಡುತ್ತದೆ. ಉದುರೀತೆಂಬ ಚಿಂತೆಗೇ ಅರ್ಧ ಉದುರಿದ ಕೂದಲು ಇದು.

ಮಟಕಿ ಊರಿನ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಅವ್ವ ನನಗೆ ಸೀಗೆಕಾಯಿ ಹಚ್ಚಿ ಎರೆಯುತ್ತಿದ್ದಳು. “ಉಗುರು ಹಚ್ಚಿ ತಿಕ್ಕಬ್ಯಾಡ ಬೇ, ಬೇರು ಸಡ್ಲ ಆಗ್ತಾವ,” ಎಂದು ಅಪ್ಪನ ತಾಯಿ, ನಮ್ಮ ಆಯಿ, ಗದರಿದಳು. ಆಮೇಲೆ ಆಯಿಯೇ ನನ್ನನ್ನು ಹೊರಸಿನ ಮೇಲೆ ಅಂಗಾತ ಮಲಗಿಸಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂದಲು ಹರವಿ, ಒಣಗಲೆಂದು ಅಡಿಯಲ್ಲಿ ಲೋಬಾನದ ಕೆಂಡ ಇಟ್ಟಳು. ಕತ್ತು ಹೊರಳಿಸುವಂತಿರಲಿಲ್ಲ.

ಎಷ್ಟೋ ಹೊತ್ತು ಹಾಗೇ ಬಿದ್ದಿದ್ದೆ. ಹೆಣ್ಣು ನೋಡಲು ಜೇವರ್ಗಿಯವರು ಚಕ್ಕಡಿಯಿಂದ ಇಳಿದರು. ಹೆಣ್ಣೆಂದರೆ ನಾನೇ; ಬಿದ್ದ ಮುಂದಿನ ಹಲ್ಲು ಇನ್ನೂ ಹುಟ್ಟಿರಲಿಲ್ಲ. ಹುಡುಗನ ತಾಯಿ ನೆಟ್ಟಗೆ ಬಂದು ನನ್ನ ಕೂದಲು ಹಿಡಿದು ಜಗ್ಗಿದಳು.

“ಒಂದೂ ಕಿತ್ತಿ ಬರಲಿಲ್ಲ ನೋಡ್ರಿ. ನಮಗ ಪಸಂದ್ ಬಂತ್ರಿ.”

“ಆಯೀ, ಪಸಂದ್ ಬಂದದ್ದು ಕೂದಲ ಅಲ್ಲೇನು? ಕತ್ತರಿಸಿ ಕೊಟ್ಟುಬಿಡು. ನಾ ಇಲ್ಲೇ ಇರ್ತೇನಿ,” ಎಂದೆ.

“ಕೂದಲಕಿಂತ ನಾಲಿಗೀನೇ ಉದ್ದ ಅದಲ್ರೀ!” ಎಂದು ಬಂದಾಕೆ ನಕ್ಕಳು. “ಎಬ್ಬಿಸಿ ಹೆಳಲು ಹಾಕ್ರಿ. ಹೂವ ಮುಡಿಸಿ ಮಾತು ಪಕ್ಕಾ ಮಾಡೇ ಹೋಗ್ತೇವಿ.”

ಆಯಿ ನನ್ನ ಕೂದಲೊಳಗೆ ಬೆರಳಾಡಿಸಿದಳು. ಅದು ಯಾವಾಗಲೋ ಒಣಗಿತ್ತು.

“ತಡೀರಿ,” ಅಂದಳು. “ಇನ್ನಾ ಹಸಿ ಅದಾವ.”