ಫಕೀರಪ್ಪನ ಮಗ್ಗ

ಆಗಿನ ಬಟ್ಟೆ ಗಿರಣಿಯಲ್ಲಿ ಕಾಯಂ ನೇಕಾರ ಬರದಿದ್ದ ದಿನ ಮಾತ್ರ ಅವನ ಮಗ್ಗ ಬದಲಿಯವನಿಗೆ ಸಿಗುತ್ತಿತ್ತು. ಹನ್ನೊಂದು ದಿನ ಗೇಟಿನಲ್ಲಿ ನಿಂತು ಬರಿಗೈಲಿ ಮರಳಿದ್ದ ಗುರುಶಿದ್ದನನ್ನು ಅಂದು ಆಳುಗಳಿಗೆ ಮಗ್ಗ ಹಂಚುವ ಜಾಬರ್ ಕೈಮಾಡಿ ಕರೆದ.

"ನಿಮ್ಮ ಓಣಿ ಫಕೀರಪ್ಪಗ ಜ್ವರಂತ. ಮೂರು ದಿನ ಅವನ ಮಗ್ಗ ನಡಸು."

ಫಕೀರಪ್ಪ ಚಹಾದಂಗಡಿಯಲ್ಲಿ ಕೂತಿದ್ದನ್ನು ಗುರುಶಿದ್ದ ಈಗಷ್ಟೇ ಕಂಡಿದ್ದ. ಮೂರೇ ದಿನ ಯಾಕೆ, ಮಗ್ಗವೇ ತನ್ನದಾಗಬಹುದಲ್ಲ.

"ಅವಗ ಜ್ವರಾನೂ ಇಲ್ಲ, ಏನೂ ಇಲ್ರಿ. ಚಹಾದಂಗಡ್ಯಾಗ ಬೀಡಿ ಸೇದಕೋತ ಕುಂತಾನ. ಅಂಥವನ್ನ ತಗದು ನನ್ನ ಕಾಯಂ ಮಾಡ್ರಿ."

ಜಾಬರ್ ಅವನನ್ನೇ ದಿಟ್ಟಿಸಿದ.

"ಗೊತ್ತೈತಿ. ಫಕೀರಪ್ಪನೇ ಬಂದು, 'ಗುರುಶಿದ್ದನ ಮನ್ಯಾಗ ಒಲಿ ಹತ್ತಿಲ್ಲ, ನನಗ ಜ್ವರ ಅಂತ ಬರಕೊಂಡು ಅವಗ ಮಗ್ಗ ಕೊಡ್ರಿ' ಅಂತ ಕೈ ಮುಗದು ಹ್ವಾದ."