ಗೆರೆಯ ಹೊರಗೆ ಓಡಿದ ಅಕ್ಕ

ಸುಣ್ಣದ ಪುಡಿಯ ವಾಸನೆ ಬಡಿದರೆ ಈಗಲೂ ನನಗೆ ಕೊಟ್ಟೂರಿನ ನಮ್ಮ ಶಾಲೆಯ ಬಯಲು ಕಣ್ಣಿಗೆ ಕಟ್ಟುತ್ತದೆ.

ಅಲ್ಲಿ ಅದುವರೆಗೆ ಯಾವ ಹುಡುಗಿಯೂ ಓಟಕ್ಕೆ ನಿಂತಿರಲಿಲ್ಲ. ಎಂಟನೇ ಕ್ಲಾಸಿನ ಅಕ್ಕ ಹೆಸರು ಬರೆಸಿದ್ದಳು. ಡ್ರಿಲ್ ಮಾಸ್ತರು ಅದನ್ನು ಎಲ್ಲರೆದುರು ಹೊಡೆದುಹಾಕಿದರು. “ಹೆಣ್ಮಕ್ಳಿಗೆ ರಂಗೋಲಿ ಐತಿ. ಓಡೋದು ಗಂಡುಡುಗ್ರ ಕೆಲಸ.” ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಸ್ತರ ಮಗ.

ಮನೆಗೆ ಬಂದು ಅತ್ತ ಅಕ್ಕನಿಗೆ ಅಜ್ಜಿ ಅಂದಳು, “ಸಿಟ್ಟು ಕಣ್ಣಾಗ ಸುರೀಬ್ಯಾಡ, ಕಾಲಾಗ ಇಟ್ಕೋ.”

ಓಟದ ಮಧ್ಯಾಹ್ನ ಸೀಟಿ ಊದಿದೊಡನೆ ಅಕ್ಕ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸುಣ್ಣದ ಗೆರೆಯ ಹೊರಗೆ, ಗರಸಿನ ಚೂಪು ಕಲ್ಲುಗಳ ಮೇಲೆ ಬರಿಗಾಲಲ್ಲಿ ಓಡಿದಳು. “ಹಿಡೀರಿ ಆಕಿನ್ನ!” ಎಂದು ಮಾಸ್ತರು ಕೂಗಿದರು. ಯಾರಿಗೂ ಆಗಲಿಲ್ಲ. ಹುಡುಗರಲ್ಲಿ ಮೊದಲಿಗನಾದ ಅವರ ಮಗನೂ ಅವಳಿಗಿಂತ ಹತ್ತು ಹೆಜ್ಜೆ ಹಿಂದೆ ಬಂದ.

ಆದರೂ ಬಹುಮಾನದ ಕಪ್ಪು ಅವನಿಗೇ ಕೊಟ್ಟರು. ಅಕ್ಕ ಅವನ ಹತ್ತಿರ ಹೋಗಿ, “ಇಟ್ಕೊಳೋ. ನೋಡಿದಾಗೆಲ್ಲ ನನ್ನ ಬೆನ್ನು ನೆನಪಾಗ್ಲಿ” ಅಂದಳು.

ಮರುದಿನದಿಂದ ಮಾಸ್ತರು ಕಟ್ಟೆಯ ಮೇಲೆ ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಅವಳು ಅವರ ಮನೆ ಮುಂದೆಯೇ ಓಡತೊಡಗಿದಳು. ತಿಂಗಳೊಳಗೆ ಅವರು ಚಹಾವನ್ನು ಒಳಗೆ ಕೂತು ಕುಡಿಯಲು ಶುರುಮಾಡಿದರು. ಅಕ್ಕ ಮಾತ್ರ ದಾರಿ ಬದಲಿಸಲಿಲ್ಲ.